ಖಾಲಿ ಗಾಲಿ

ನಮ್ಮ ಓಣಿಗೆ ಮಳೆ ಬಾರದಿರುವುದಕ್ಕೆ ಬಾಲಮ್ಮನೇ ಕಾರಣ ಎಂದು ತೀರ್ಮಾನವಾದ ದಿನ ನಾನು ಅಲ್ಲೇ ಇದ್ದೆ. ಬೇವಿನ ಮರದ ಕಟ್ಟೆಯ ಮೇಲೆ ಹಿರಿಯರೆನಿಸಿಕೊಂಡವರು ಕುಳಿತು, ಎಲೆ ಅಡಿಕೆ ಹಾಕಿಕೊಂಡು, ಇಡೀ ಆಕಾಶದ ತಪ್ಪನ್ನು ಒಬ್ಬ ಅಡುಗೆಯ ಹೆಂಗಸಿನ ತಲೆಗೆ ಕಟ್ಟಿದರು. ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ನೌಕರಿಯಿಂದ ನಿವೃತ್ತಳಾದೆ, ಇನ್ನಾದರೂ ಸಿಟ್ಟು ಬಿಡು ಎಂದು ಮನೆಯವರು ಹೇಳುತ್ತಾರೆ. ಬಿಡುತ್ತೇನೆ, ಮೊದಲು ಇದನ್ನು ಬರೆದು ಮುಗಿಸುತ್ತೇನೆ.

ಆಕೆ ಮಾಡಿದ ಅಪರಾಧವಾದರೂ ಏನು? ಸೈಕಲ್ ತುಳಿದಿದ್ದಳು. ಅದೂ ನಿಂತಲ್ಲೇ, ತನ್ನ ಅಂಗಳದಲ್ಲಿ.

ಸುರಪುರದ ರಂಗಂಪೇಟೆಯಲ್ಲಿ ನನ್ನ ಮನೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಬಾಲಮ್ಮನ ಮನೆ. ನಾನು ಕಲಿಸುತ್ತಿದ್ದ ಸರ್ಕಾರಿ ಶಾಲೆಯಲ್ಲೇ ಆಕೆ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಇದ್ದೊಬ್ಬ ಮಗಳನ್ನು ಕಕ್ಕೇರಾಕ್ಕೆ ಕೊಟ್ಟಿದ್ದಳು. ಆ ಮಗಳು ಎಂಟನೆಯ ಇಯತ್ತೆಯಲ್ಲಿದ್ದಾಗ ಸರ್ಕಾರ ಕೊಟ್ಟ ಸೈಕಲ್ಲು ಮಾತ್ರ ತವರಿನಲ್ಲೇ ಉಳಿದಿತ್ತು. ಗೋಡೆಗೆ ಒರಗಿಸಿದ ಆ ಸೈಕಲ್ಲಿನ ಹ್ಯಾಂಡಲಿಗೆ ಬಾಲಮ್ಮ ಉಳ್ಳಾಗಡ್ಡಿಯ ಚೀಲ ತೂಗುಹಾಕುತ್ತಿದ್ದಳು.

ಬಾಲಮ್ಮನ ತಾಯಿ ದುರಗಮ್ಮನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಕ್ಕರೆ ಕಾಯಿಲೆ. ಮೊದಲು ಒಂದು ಕಾಲಿನ ಬೆರಳು ಹೋಯಿತು, ಆಮೇಲೆ ಪಾದ, ಆಮೇಲೆ ಮೊಣಕಾಲಿನ ತನಕ. ಕೆಲ ಕಾಲ ಕೋಲು ಹಿಡಿದು ಒಂಟಿ ಕಾಲಿನಲ್ಲೇ ಓಡಾಡಿದಳು. ಕೊನೆಗೆ ಆಕೆ ಗೋಣಿತಾಟಿನ ಮೇಲೆ ಕುಳಿತು, ಎರಡೂ ಕೈ ನೆಲಕ್ಕೆ ಊರಿ, ಜರುಗುತ್ತ ಜರುಗುತ್ತ ಬಾಗಿಲಿಗೆ ಬರುತ್ತಿದ್ದಳು. ಬಾಗಿಲ ತನಕ ಬಂದರೆ ಅವತ್ತಿನ ಪ್ರಯಾಣ ಮುಗಿಯಿತು. ಆಕೆ ಸತ್ತ ಮರುದಿನ ಬಾಲಮ್ಮ ತಾಯಿಯ ಚಪ್ಪಲಿ ಜೋಡನ್ನು ತಂದು ನನ್ನೆದುರು ಇಟ್ಟಳು. ಒಂದರ ಹಿಮ್ಮಡಿ ಸವೆದು ತೂತು ಬಿದ್ದಿತ್ತು. ಇನ್ನೊಂದು ಅಂಗಡಿಯಿಂದ ತಂದ ಹಾಗೆಯೇ ಇತ್ತು.

“ಇದನ್ನ ಏನ್ ಮಾಡ್ಲಿ ಟೀಚರ್ರಿ? ಒಗ್ಯಾಕೂ ಮನಸ್ಸಾಗವಲ್ದು, ಇಟ್ಕೊಳಾಕೂ ಆಗವಲ್ದು” ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಆಕೆ ಆ ಚಪ್ಪಲಿಗಳನ್ನು ಮತ್ತೆ ಒಳಗೆ ಒಯ್ದಳು.

ಕೆಲವು ವರ್ಷಗಳಲ್ಲಿ ಅದೇ ಕಾಯಿಲೆ ಬಾಲಮ್ಮನಿಗೂ ಬಂತು. ಡಾಕ್ಟರು ದಿನಾ ನಡೆಯಬೇಕು ಎಂದರು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಕುಳಿತು ಅವಳ ಮೊಣಕಾಲು ಸವೆದಿದ್ದವು, ಊರಬಾಗಿಲ ಅಗಸಿಯ ತನಕ ನಡೆದರೆ ಊದಿಕೊಳ್ಳುತ್ತಿದ್ದವು. ಹಾಗಾದರೆ ಸೈಕಲ್ ತುಳಿ, ಮೈಭಾರ ಸೀಟಿನ ಮೇಲೆ ಬೀಳುತ್ತದೆ, ಮೊಣಕಾಲಿಗೆ ತ್ರಾಸವಿಲ್ಲ ಎಂದು ಅವರು ಹೇಳಿದರಂತೆ. ನಗುತ್ತ ಹೇಳಿದರೋ ಖರೇನೇ ಹೇಳಿದರೋ, ಬಾಲಮ್ಮ ಮಾತ್ರ ಖರೇ ಎಂದೇ ಹಿಡಿದುಕೊಂಡು ಬಂದಳು.

“ಈ ವಯಸ್ಸಿನ್ಯಾಗ ಸೈಕಲ್ ಕಲೀತಿಯೇನ?” ಎಂದೆ.

“ಕಾಲು ಹೋದ ಮ್ಯಾಲ ಕಲಿಯಾಕ ಬರ್ತದೇನ್ರಿ?” ಎಂದಳು.

ಕಲಿಸಿದವನು ಸುರಪುರದ ಬಸ್ ನಿಲ್ದಾಣದ ಹತ್ತಿರ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಲಾಡ್ಲೇಸಾಬ. ಹೊಸ ಟ್ಯೂಬು ಹಾಕಿ, ಚೈನಿಗೆ ಎಣ್ಣೆ ಬಿಟ್ಟು, ಜನರ ಕಣ್ಣು ತಪ್ಪಿಸಿ ಅವಳನ್ನು ಗುಡ್ಡದ ಬುಡದ ಬಂಡಿದಾರಿಗೆ ಕರೆದೊಯ್ದ. ಬಿಳಿಗಡ್ಡದ ಆ ಮನುಷ್ಯ ಕ್ಯಾರಿಯರ್ ಹಿಡಿದು ಹಿಂದೆ ಓಡುವುದು, ಮುಂದೆ ಬಾಲಮ್ಮ ‘ಬಿಡಬ್ಯಾಡೋ ಸಾಬಣ್ಣಾ’ ಎಂದು ಚೀರುವುದು. “ಅರೇ, ಮುಂದ ನೋಡವ್ವ! ನೆಲ ಎಲ್ಲಿಗೂ ಓಡಿ ಹೋಗಂಗಿಲ್ಲ, ಬಿದ್ರ ಸಿಕ್ಕೇ ಸಿಗ್ತದ!” ಎಂದು ಅವನು ಉಬ್ಬಸದಲ್ಲೇ ನಗುತ್ತಿದ್ದ. ನಾನು ಕಲ್ಲಿನ ಮೇಲೆ ಕುಳಿತು ನೋಡುತ್ತಿದ್ದೆ. ಬಿದ್ದಳು, ಎದ್ದಳು, ಮೊಣಕೈ ಕೆತ್ತಿಸಿಕೊಂಡಳು, ಮತ್ತೆ ಹತ್ತಿದಳು. ಒಂದು ದಿನ ಲಾಡ್ಲೇಸಾಬ ಕೈಬಿಟ್ಟದ್ದು ಗೊತ್ತೇ ಆಗದೆ ತಿರುವಿನ ತನಕ ಹೋಗಿಬಿಟ್ಟಳು.

ಆಮೇಲೆ ಅವಳಿಗೆ ಕಾಲುವೆ ಸಿಕ್ಕಿತು. ನಾರಾಯಣಪುರದಿಂದ ಕೃಷ್ಣೆಯ ನೀರು ಬಂದ ಮೇಲೆ ನಮ್ಮ ಕಡೆ ಏನೇನೋ ಬಂತು. ಭತ್ತ ಬಂತು, ಸೊಳ್ಳೆ ಬಂತು, ಎರಡು ಮೂರು ಮನೆಗಳಿಗೆ ಕಾರು ಬಂತು. ಬಾಲಮ್ಮನ ಪಾಲಿಗೆ ಬಂದದ್ದು ದಂಡೆಯ ಮೇಲಿನ ಆ ಮಣ್ಣಿನ ರಸ್ತೆ ಒಂದೇ. ಏರಿಲ್ಲ, ಇಳಿವಿಲ್ಲ, ಲಾರಿಯಿಲ್ಲ, ಪಕ್ಕದಲ್ಲಿ ತಣ್ಣಗೆ ಹರಿಯುವ ನೀರು. ಬೆಳಿಗ್ಗೆ ಶಾಲೆಗೆ ಬರುವ ಮೊದಲು ಸೆರಗು ಬಿಗಿದುಕೊಂಡು, ಗುಡ್ಡದ ದಾರಿ ಹಿಡಿದು ದಂಡೆಗೆ ಇಳಿದು, ಒಂದು ಸುತ್ತು ಹೊಡೆದು ಬರುತ್ತಿದ್ದಳು. ಸಕ್ಕರೆ ಇಳಿಯಿತು. ಡಾಕ್ಟರು ಎರಡೆರಡು ಸಲ ರಕ್ತ ಪರೀಕ್ಷೆ ಮಾಡಿಸಿ, ಏನು ಮಾಡಾಕತ್ತೀಯವ್ವ ಎಂದು ಕೇಳಿದರಂತೆ. ‘ನೀವ ಹೇಳಿದ್ರಲ್ರಿ’ ಎಂದು ಬಂದಳು ಈ ಮಾರಾಯ್ತಿ. ಅವಳ ಮುಖದಲ್ಲಿ ಅಂಥ ಕಳೆ ನಾನು ಮೊದಲು ಕಂಡಿರಲಿಲ್ಲ.

ಓಣಿಯ ಬಾಯಿ ಸುಮ್ಮನಿರುತ್ತದೆಯೇ? ‘ಮುದುಕಿಗೆ ಹುಚ್ಚು ಹಿಡಿದದ’ ಎಂದವಳು ಎದುರು ಮನೆಯ ಬಸ್ಸಮ್ಮ. ಇದೇ ಬಾಲಮ್ಮ ತಲೆಯ ಮೇಲೆ ಕಟ್ಟಿಗೆಯ ಹೊರೆ ಹೊತ್ತು ಅದೇ ದಾರಿಯಲ್ಲಿ ಅರ್ಧ ಆಯುಷ್ಯ ನಡೆದಿದ್ದಾಳೆ. ಆಗ ಎಲ್ಲಿಗೆ ಹೋಗಿದ್ದಿ ಎಂದು ಒಬ್ಬರೂ ಕೇಳಲಿಲ್ಲ. ತಲೆಯ ಮೇಲೆ ಹೊರೆಯಿದ್ದರೆ ಹೆಂಗಸಿಗೆ ಊರೆಲ್ಲ ದಾರಿ ಬಿಡುತ್ತದೆ, ಬರಿಗೈಯಲ್ಲಿ ಹೊರಟರೆ ಅಗಸಿಯಲ್ಲೇ ವಿಚಾರಣೆ! ನಾನು ಇದನ್ನು ಬಸ್ಸಮ್ಮನ ಮುಖಕ್ಕೇ ಹೇಳಿದೆ. ಅವಳು ನನ್ನ ಜೊತೆ ಆ ಜೋಕುಮಾರನ ಹುಣ್ಣಿಮೆಯ ತನಕ ಮಾತು ಬಿಟ್ಟಳು.

ಆಮೇಲೆ ಬಂತು ಬರ. ಎರಡು ಮುಂಗಾರು ಒಂದರ ಹಿಂದೊಂದು ಕೈಕೊಟ್ಟವು. ಹೊಲಗಳಲ್ಲಿ ತೊಗರಿ ಮೊಣಕಾಲೆತ್ತರಕ್ಕೇ ಒಣಗಿ ನಿಂತಿತು. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿತ್ತು. ಬಿತ್ತು ಎನ್ನುವುದೂ ಸುಳ್ಳು. ಹಳೆ ಹುಲ್ಲು ಸುಟ್ಟರೆ ಮೊದಲ ಮಳೆಗೆ ಹೊಸ ಹುಲ್ಲು ಜೋರಾಗಿ ಬರುತ್ತದೆ ಎಂದು ಕುರಿ ಕಾಯುವವರು ಪ್ರತಿ ವರ್ಷ ಹಚ್ಚುತ್ತಾರೆ, ಅದು ಎಲ್ಲರಿಗೂ ಗೊತ್ತು. ಆ ವರ್ಷ ಗಾಳಿ ಎದ್ದು ಬೆಂಕಿ ಕೈಮೀರಿತು. ಅರಣ್ಯ ಇಲಾಖೆ ನೆಟ್ಟಿದ್ದ ಸಸಿಗಳೆಲ್ಲ ಕರಕಾದವು, ವಾರಗಟ್ಟಲೆ ಹೊಗೆ ಸುರಪುರದ ಮೇಲೆ ತೂಗಾಡಿತು, ಒಣಗಲು ಹಾಕಿದ ಬಟ್ಟೆಗಳೆಲ್ಲ ಬೂದಿ ವಾಸನೆ ಹಿಡಿದವು.

ಬೆಂಕಿ ಆರಿದ ಮೇಲೆ ಗುಡ್ಡದ ದಾರಿಗೆ ಜಾಲಿಮುಳ್ಳು ಹಾಕಿ ಬಂದ್ ಮಾಡಿದರು. ಕಾಯಲು ಒಬ್ಬ ಗಾರ್ಡು ನಿಂತ. ಬಾಲಮ್ಮ ಸೈಕಲ್ ಇಳಿದು ಕೇಳಿದಳು, “ನಾ ಬೆಂಕಿ ಹಚ್ಚಾಕ ಬಂದಿಲ್ಲಪ್ಪ, ಕಾಲು ಆಡಸಾಕ ಬಂದೀನಿ. ಹೋಗಾಕ ಬಿಡು.”

“ಯಾರು ಹಚ್ಚತಾರಂತ ನನಗೇನು ಗೊತ್ತು? ಯಾರನ್ನೂ ಬಿಡಂಗಿಲ್ಲ ಅಂದ್ರ ಯಾರನ್ನೂ ಬಿಡಂಗಿಲ್ಲ. ನಡೀ ನಡೀ.”

ಅವನು ಹೀಗೆ ಹೇಳುತ್ತಿದ್ದ ಹೊತ್ತಿಗೇ ಬೆನ್ನ ಹಿಂದಿನಿಂದ, ಗುಡ್ಡದ ಕಲ್ಲು ಒಡೆದು ತುಂಬಿಕೊಂಡ ಟ್ರ್ಯಾಕ್ಟರೊಂದು ಗಡಗಡನೆ ಇಳಿದು ಬಂತು. ಗಾರ್ಡು ತಾನೇ ಕೈಯಾರೆ ಮುಳ್ಳು ಸರಿಸಿದ. ಟ್ರ್ಯಾಕ್ಟರ್ ದಾಟಿದ ಮೇಲೆ ಮತ್ತೆ ಎಳೆದ. ಬಾಲಮ್ಮ ಮುಳ್ಳನ್ನು ನೋಡಿದಳು, ಅವನನ್ನು ನೋಡಿದಳು, ಸೈಕಲ್ ತಿರುಗಿಸಿಕೊಂಡು ಬಂದಳು. ನನಗೆ ಹೇಳುವಾಗ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ. ಯಾರನ್ನೂ ಬಿಡುವುದಿಲ್ಲವಂತೆ! ಟ್ರ್ಯಾಕ್ಟರಿನ ಮಾಲೀಕ ಯಾರೂ ಅಲ್ಲ, ಅಲ್ಲವೇ?

ಸುತ್ತು ಹಾಕಿಕೊಂಡು ಕಾಲುವೆಗೆ ಹೋಗತೊಡಗಿದಳು. ಅದೂ ಬಹಳ ದಿನ ನಡೆಯಲಿಲ್ಲ. ಜಲಾಶಯದಲ್ಲಿ ತಳ ಕಾಣತೊಡಗಿ, ಕಾಲುವೆಯಲ್ಲಿ ಬಿಟ್ಟ ಅಷ್ಟಿಷ್ಟು ನೀರು ಕುಡಿಯಲಿಕ್ಕೆ ಮಾತ್ರ ಎಂದು ಹುಕುಂ ಬಂತು. ಯಾರೂ ಪಂಪು ಹಚ್ಚಿ ಎತ್ತಬಾರದೆಂದು ದಂಡೆಯ ಉದ್ದಕ್ಕೂ ನೂರಾ ನಲವತ್ತನಾಲ್ಕನೆಯ ಕಲಮು ಹಾಕಿದರು. ಬಾಲಮ್ಮನಿಗೆ ಇದು ತಿಳಿದದ್ದು ಖಾಕಿ ಹಾಕಿದ ಇಬ್ಬರು ಅವಳ ಹ್ಯಾಂಡಲ್ ಹಿಡಿದು ನಿಲ್ಲಿಸಿದಾಗ.

“ಐದು ಮಂದಿ ಕೂಡಂಗಿಲ್ಲ ಇಲ್ಲಿ. ಕಾಯ್ದಾ ಅದ.”

“ನಾ ಒಬ್ಬಾಕಿ ಅದೀನಲ್ರಿ, ಐದು ಮಂದಿ ಹ್ಯಾಂಗ ಆದೆ?”

“ಎದುರು ಮಾತಾಡ್ತೀಯೇನು?”

“ಲೆಕ್ಕ ಕೇಳಿದೆನ್ರಿ ಅಷ್ಟ. ಆ ಆಚಿ ದಂಡಿ ಮ್ಯಾಲ ಪಂಪು ಬಡಬಡ ಹೊಡ್ಯಾಕತ್ತದ, ಅದೂ ಒಂದ ಅದ. ಅದಕ್ಕ ಯಾರ ಕೇಳ್ಯಾರ?”

ಪಂಪಿನ ಮಾತು ತೆಗೆದದ್ದೇ ತಪ್ಪಾಯಿತು. ಇಬ್ಬರೂ ಸೇರಿ ಅವಳ ಎರಡೂ ಗಾಲಿಗಳ ಗಾಳಿ ಬಿಟ್ಟರು. ಆ ಊದಿದ ಮೊಣಕಾಲಿನಲ್ಲಿ ಸೈಕಲ್ ನೂಕಿಕೊಂಡು, ನೆತ್ತಿ ಸುಡುವ ಬಿಸಿಲಿನಲ್ಲಿ ನೇರವಾಗಿ ಶಾಲೆಗೆ ಬಂದಳು. ಮಕ್ಕಳ ಊಟ ತಡವಾಯಿತೆಂದು ಬಯ್ಯಲು ಬಾಯಿ ತೆರೆದವಳು ಅವಳ ಮುಖ ನೋಡಿ ಕುಡಿಯಲು ನೀರು ತಂದು ಕೊಟ್ಟೆ. ನಂತರ ಕಛೇರಿಯ ಫೋನು ಹಿಡಿದು ಎಲ್ಲೆಲ್ಲಿಗೆ ಮಾಡಬೇಕೋ ಅಲ್ಲೆಲ್ಲ ಮಾಡಿ ಕೂಗಾಡಿದೆ. ಯಾದಗಿರಿಗೆ ಬಂದು ಮನವಿ ಕೊಡಿ ಎಂದರು. ಸೈಕಲ್ ತುಳಿಯಲು ಮನವಿ!

ಇನ್ನುಳಿದದ್ದು ಶಹಾಪುರದ ಡಾಂಬರು ರಸ್ತೆ. ಅಲ್ಲಿ ನೀರಿನ ಟ್ಯಾಂಕರುಗಳು ಹುಚ್ಚೆದ್ದು ಓಡುತ್ತಿದ್ದವು. ಒಂದು ಬೆಳಿಗ್ಗೆ ಒಂದು ಟ್ಯಾಂಕರ್ ಹಾರ್ನ್ ಹೊಡೆಯುತ್ತ ಮೈಮೇಲೇ ಬಂದಂತೆ ಬಂತು. ಬಾಲಮ್ಮ ರಸ್ತೆ ಬಿಟ್ಟು ಮುಳ್ಳುಕಂಟಿಗೆ ಬಿದ್ದಳು. ಅವತ್ತೇ ಆ ರಸ್ತೆಗೆ ಕೈಮುಗಿದಳು. “ಸತ್ರ ಸಾಯ್ತೀನಿ ಟೀಚರ್ರಿ, ಅದಕ್ಕ ಅಂಜಿಕಿಲ್ಲ. ಕಾಲು ಮುರಿದ್ರ ಏನ್ ಮಾಡ್ಲಿ?” ಎಂದಳು.

ಹಾದಿ ಇಲ್ಲದಿದ್ದರೂ ಸೈಕಲ್ ತುಳಿಯಬಹುದು ಎಂದು ಕಂಡುಹಿಡಿದವನು ಲಾಡ್ಲೇಸಾಬ. ಎರಡು ಕಾಲಿನ ಗಟ್ಟಿ ಸ್ಟ್ಯಾಂಡು ಕೂಡಿಸಿದ. ಸ್ಟ್ಯಾಂಡ್ ಹಾಕಿದರೆ ಹಿಂದಿನ ಗಾಲಿ ನೆಲ ಬಿಟ್ಟು ಮೇಲೇಳುತ್ತದೆ, ಎಷ್ಟು ತುಳಿದರೂ ಸೈಕಲ್ಲು ಅಲ್ಲಾಡುವುದಿಲ್ಲ. ಕಾಲಿಗೆ ಭಾರ ಸಿಗಲೆಂದು ಹಿಂದಿನ ಬ್ರೇಕನ್ನು ತುಸು ಬಿಗಿ ಮಾಡಿಕೊಟ್ಟ. ಬಾಲಮ್ಮ ಅಂಗಳದಲ್ಲಿ ಸೈಕಲ್ ನಿಲ್ಲಿಸಿ, ಹತ್ತಿ ಕುಳಿತು, ನಿಂತಲ್ಲೇ ತುಳಿಯತೊಡಗಿದಳು. ಗರ್ರ್ ಗರ್ರ್ ಎಂಬ ಆ ಸದ್ದು ನಮ್ಮ ಮನೆಯ ತನಕ ಕೇಳುತ್ತಿತ್ತು. ಹಾದು ಹೋಗುವವರು ನಿಂತು ನೋಡಿ, “ಎಲ್ಲಿಗೆ ಹೊಂಟೀ ಬಾಲಮ್ಮ?” ಎಂದು ಚೇಷ್ಟೆ ಮಾಡಿದರೆ, “ಯಾದಗಿರಿಗೆ ಹೊಂಟೀನಿ, ನಿನಗೇನರ ತರಬೇಕೇನು?” ಎನ್ನುತ್ತಿದ್ದಳು. ನಾನಂತೂ ಅದನ್ನು ಕೇಳಿ ಕೇಳಿ ನಗುತ್ತಿದ್ದೆ. ಎಲ್ಲ ಬಾಗಿಲು ಮುಚ್ಚಿದರೂ ಈ ಹೆಂಗಸು ಬಗ್ಗಲಿಲ್ಲವಲ್ಲ ಎಂದು ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಆ ಹೊತ್ತಿಗೆ ಓಣಿಯವರು ಮಳೆ ಬರಲೆಂದು ಗುರ್ಜಿ ಆಡಿದರು. ಹೆಂಚಿನ ಮೇಲೆ ಮಣ್ಣಿನ ಗುರ್ಜಿ ಕೂಡಿಸಿ, ಒಬ್ಬ ತಲೆಯ ಮೇಲೆ ಹೊತ್ತು ಮನೆಮನೆಯ ಮುಂದೆ ತಿರುಗುತ್ತಾನೆ, ಹೆಂಗಸರು ಮೇಲಿಂದ ನೀರು ಸುರಿಯುತ್ತಾರೆ. ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾಯುವ ಓಣಿ ಅವತ್ತು ಕೊಡಗಟ್ಟಲೆ ನೀರು ಸುರಿಯಿತು. ಮೋಡ ಬರಲಿಲ್ಲ. ಬರದಿದ್ದಾಗ ಏನೋ ದೋಷವಿದೆ ಎಂದು ಹುಡುಕತೊಡಗಿದರು. ಹುಡುಕಿದವರಿಗೆ ಬೇರೇನೂ ಕಾಣಲಿಲ್ಲ, ಬಾಲಮ್ಮನ ಗಾಲಿ ಕಂಡಿತು.

ನಮ್ಮಲ್ಲಿ ಕೂಸಿಲ್ಲದ ತೊಟ್ಟಿಲು ತೂಗುವುದಿಲ್ಲ. ಕಾಳು ಹಾಕದೆ ಬೀಸುಕಲ್ಲು ತಿರುಗಿಸುವುದಿಲ್ಲ. ತೂಗಿದರೆ ಮಗುವಿಗೆ ಕೇಡು, ತಿರುಗಿಸಿದರೆ ಮನೆಯಲ್ಲಿ ಕಾಳು ನಿಲ್ಲುವುದಿಲ್ಲ ಎನ್ನುತ್ತಾರೆ. ಸುಳ್ಳೇಕೆ ಹೇಳಲಿ, ನಾನೂ ಖಾಲಿ ತೊಟ್ಟಿಲು ತೂಗಿದವಳಲ್ಲ. ಆದರೆ ಸೈಕಲ್ ಗಾಲಿಯನ್ನು ಈ ಸಾಲಿಗೆ ಸೇರಿಸಿದ್ದು ಎದುರು ಮನೆಯ ಬಸ್ಸಮ್ಮ. “ದಿನಾ ಮುಂಜಾನಿ ಖಾಲಿ ಗಾಲಿ ತಿರುವತಾಳ. ಮಳಿ ಹ್ಯಾಂಗ ಬರ್ತದ?” ಎಂದು ನೀರಿನ ಪಾಳಿಯಲ್ಲಿ ನಿಂತು ಅಂದಳು. ಸಂಜೆಯೊಳಗೆ ಇಡೀ ಓಣಿ ಅದನ್ನೇ ಅನ್ನುತ್ತಿತ್ತು.

ಕಟ್ಟೆಯ ಪಂಚಾಯತಿ ಸೇರಿತು. ಮುಂದಾಳು ದ್ಯಾವಪ್ಪ. ಟ್ಯಾಂಕರ್ ಬಂದಾಗ ಯಾರ ಕೊಡ ಮುಂದೆ, ಯಾರ ಕೊಡ ಹಿಂದೆ ಎಂದು ಪಾಳಿ ಹಚ್ಚುವವನೂ ಅವನೇ. ಕೆಟ್ಟವನೇನಲ್ಲ, ಮಕ್ಕಳಿಗೆ ಜ್ವರ ಬಂದರೆ ತನ್ನ ಬೈಕಿನಲ್ಲೇ ದವಾಖಾನೆಗೆ ಒಯ್ಯುವವನು. ಆದರೆ ಒಮ್ಮೆ ತಲೆಗೆ ಹೊಕ್ಕರೆ ಹೊರಗೆ ಬರುವುದಿಲ್ಲ.

ನಾನು ಎದ್ದು ನಿಂತು ಕೇಳಿದೆ, “ಲಾಡ್ಲೇಸಾಬ ಅಂಗಡ್ಯಾಗ ಕುಂತು ದಿನಾ ಗಾಲಿ ತಿರುವಿ ತಿರುವಿ ಡೊಂಕು ತೆಗಿತಾನ. ಅವು ಖಾಲಿ ಅಲ್ಲೇನು? ಅವಕ್ಕ ಮಳಿ ನಿಂತಿಲ್ಲೇನು?”

“ಅದು ಅಂವನ ಹೊಟ್ಟಿಪಾಡು ಟೀಚರ್ರಿ. ಕೆಲಸಕ್ಕ ತಿರುವಿದರ ದೋಷ ಇಲ್ಲ” ಎಂದ ದ್ಯಾವಪ್ಪ. “ಇಕಿ ಸುಮ್ಮ ಸುಮ್ಮನ ತಿರುವತಾಳ. ಏನೂ ಬೀಸಂಗಿಲ್ಲ, ಎಲ್ಲಿಗೂ ಹೋಗಂಗಿಲ್ಲ.”

“ಎಲ್ಲಿಗರ ಹೋಗಾಕ ದಾರಿ ಬಿಟ್ಟೀರೇನು?” ಎಂದು ನಾನು ಚೀರಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ತೀರ್ಮಾನ ಹೇಳಿದರು. ಗಾಲಿ ನಿಲ್ಲುವ ತನಕ ಬಾಲಮ್ಮನ ಕೊಡಕ್ಕೆ ಪಾಳಿ ಇಲ್ಲ. ಗುಡ್ಡ ಮುಚ್ಚಿದವರು, ಕಾಲುವೆ ಮುಚ್ಚಿದವರು ಪರಸ್ಥಳದವರು, ಮುಖ ಪರಿಚಯ ಇಲ್ಲದವರು. ಇವರು? ಇವರ ಮಕ್ಕಳು ದಿನಾ ಮಧ್ಯಾಹ್ನ ಅವಳ ಕೈಯ ಅನ್ನ ಸಾರು ಉಂಡು ಬೆಳೆದವರು. ಥೂ ನಿಮ್ಮ ಎಂದು ಅಂದು ಬಂದೆ. ಅಂದೆ, ಬಾಯಿ ಬಿಟ್ಟೇ ಅಂದೆ.

ಬಾಲಮ್ಮ ಎರಡು ದಿನ ಹಠ ಹಿಡಿದಳು. ನಮ್ಮ ಮನೆಯ ನೀರಿನಲ್ಲಿ ಪಾಲು ಕೊಟ್ಟೆ. ಮೂರನೆಯ ದಿನ ಅವಳೇ ಬೇಡವೆಂದಳು. “ನಿಮ್ಮ ಮನ್ಯಾಗೂ ಮಂದಿ ಅದಾರ. ನನ್ನ ಸಲುವಾಗಿ ನೀವ್ಯಾಕ ಬಾಯಿ ಒಣಗಿಸ್ಕೋತೀರಿ?” ಎಂದು ಸೈಕಲ್ಲನ್ನು ಒಳಗಿಟ್ಟಳು. ಹ್ಯಾಂಡಲಿಗೆ ಮತ್ತೆ ಉಳ್ಳಾಗಡ್ಡಿಯ ಚೀಲ ಏರಿತು.

ಗಾಲಿ ನಿಂತಿತು. ಮಳೆ ಬಂತೇ? ಬರಲಿಲ್ಲ. ರೋಹಿಣಿ ಮಳೆ ಒಣಗಿ ಹೋಯಿತು, ಮೃಗಶಿರದ ಮಿರ್ಗವೂ ಒಣಗಿ ಹೋಯಿತು. ನಾನು ಕಟ್ಟೆಯ ಮುಂದೆ ಹಾದಾಗಲೆಲ್ಲ, “ಏನ್ ದ್ಯಾವಪ್ಪ, ಗಾಲಿ ನಿಂತದಲ್ಲ, ನಿನ್ನ ಮಳಿ ಎಲ್ಲಿ ತನಕ ಬಂದದ? ಶಹಾಪುರ ದಾಟ್ಯದೇನು?” ಎಂದು ಕೇಳುತ್ತಿದ್ದೆ. “ಆಗಿದ್ದ ದೋಷ ಇಳಿಯಾಕ ಟೈಮ್ ಹಿಡೀತದ್ರಿ” ಎನ್ನುತ್ತಿದ್ದ. ಅವನ ಹತ್ತಿರ ಎಲ್ಲದಕ್ಕೂ ಜವಾಬು ಇತ್ತು.

ಬಾಲಮ್ಮನ ಸಕ್ಕರೆ ಏರಿತು. ಗುಳಿಗೆ ಹೆಚ್ಚಾದವು. ಕಟ್ಟಿಗೆ ತರಲು ಹೋದಾಗ ಜಾಲಿಯ ಮುಳ್ಳೊಂದು ಕಿರುಬೆರಳಿಗೆ ಹೊಕ್ಕಿದ್ದು ಅವಳಿಗೆ ಗೊತ್ತೇ ಆಗಲಿಲ್ಲ, ಕಾಲಿಗೆ ಖಬರ್ ಇರಲಿಲ್ಲ. ಒಂದು ಮಧ್ಯಾಹ್ನ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿ ಮುಗಿದ ಮೇಲೆ ಬಾಗಿಲು ಮುಂದೆ ಮಾಡಿ, “ಟೀಚರ್ರಿ, ಚೂರು ನೋಡ್ರಿ” ಎಂದು ಬಟ್ಟೆ ಬಿಚ್ಚಿದಳು. ವಾಸನೆ ಮೊದಲು ಬಂತು. ಬೆರಳು ಕಪ್ಪಗಾಗಿತ್ತು.

ಅವತ್ತೇ ಸುರಪುರದ ದವಾಖಾನೆ, ಅಲ್ಲಿಂದ ಕಲಬುರಗಿ. ಬೆರಳು ತೆಗೆದರು. ಮಗಳು ಕಕ್ಕೇರಾದಿಂದ ಬಂದು ಅಳುತ್ತ ಕಾಲ ಬಳಿ ಕುಳಿತಿದ್ದಳು. ಬಾಲಮ್ಮ ಅಳಲಿಲ್ಲ. ಬ್ಯಾಂಡೇಜು ಸುತ್ತಿದ ಪಾದವನ್ನೇ ನೋಡುತ್ತ, “ಅವ್ವಗೂ ಬೆರಳಿನಿಂದನ ಸುರು ಆಗಿತ್ತು” ಎಂದಳು. ನಾನು ಹೊರಗೆ ಬಂದು ವರಾಂಡದ ಕಂಬ ಹಿಡಿದು ಅತ್ತೆ. ದುಃಖಕ್ಕಿಂತ ಹೆಚ್ಚಾಗಿ ಸಿಟ್ಟಿಗೆ ಅತ್ತೆ. ಒಂದು ದಾರಿ, ಬರೀ ಒಂದು ಮಣ್ಣಿನ ದಾರಿ ಬಿಟ್ಟಿದ್ದರೆ ಸಾಕಿತ್ತು. ಅದೂ ಬೇಡ, ಅವಳ ಅಂಗಳವನ್ನು ಅವಳಿಗೆ ಬಿಟ್ಟಿದ್ದರೂ ಸಾಕಿತ್ತು.

ಮನೆಗೆ ಕಳಿಸುವಾಗ ಡಾಕ್ಟರಿಗೆ ಅವಳು ಕೇಳಿದ್ದು ಒಂದೇ ಮಾತು: ಸೈಕಲ್ ತುಳಿಯಬಹುದೇ? ಗಾಯ ಪೂರಾ ಮಾಯಲಿ, ಆಮೇಲೆ ತುಳಿಯಲೇಬೇಕು ಎಂದರು. ಬಸ್ಸಮ್ಮ ಒಮ್ಮೆ ರೊಟ್ಟಿ ಪಲ್ಯ ತಂದು ಕೊಟ್ಟಳು. ಇಸಿದುಕೊಂಡಳು, ಬಟ್ಟಲು ತೊಳೆದು ತಿರುಗಿ ಕೊಟ್ಟಳು, ಅಷ್ಟೇ.

ಗಾಯ ಒಣಗಿದ ಮೇಲೆ ಒಂದು ಬೆಳಿಗ್ಗೆ ಟ್ಯಾಂಕರ್ ಬರುವ ಹೊತ್ತು. ಇಡೀ ಓಣಿ ಕೊಡಗಳನ್ನು ಸಾಲಾಗಿಟ್ಟು ಬೇವಿನ ಕಟ್ಟೆಯ ಸುತ್ತ ನಿಂತಿತ್ತು. ಬಾಲಮ್ಮ ಕುಂಟುತ್ತ ಸೈಕಲ್ ನೂಕಿಕೊಂಡು ಬಂದಳು. ಹ್ಯಾಂಡಲಿಗೆ ಉಳ್ಳಾಗಡ್ಡಿ ಚೀಲ ಇರಲಿಲ್ಲ, ಕೊಡ ಇತ್ತು. ಕೊಡವನ್ನು ಇಳಿಸಿ ಸಾಲಿನಲ್ಲಿ ತನ್ನ ಜಾಗದಲ್ಲಿಟ್ಟಳು. ಅದರ ಪಕ್ಕದಲ್ಲೇ, ಎಲ್ಲರ ಕಣ್ಣೆದುರಿಗೆ, ಸ್ಟ್ಯಾಂಡ್ ಹಾಕಿ ಸೈಕಲ್ ನಿಲ್ಲಿಸಿ ಹತ್ತಿ ಕುಳಿತಳು. ತುಳಿಯತೊಡಗಿದಳು. ಗರ್ರ್ ಎಂದಿತು ಗಾಲಿ. ಮಾತಾಡುತ್ತಿದ್ದವರೆಲ್ಲ ತಿರುಗಿ ನೋಡಿದರು.

ದ್ಯಾವಪ್ಪ ಕಟ್ಟೆಯಿಂದ ಇಳಿದು ಬಂದ. “ಬಾಲಮ್ಮ, ಏನಿದು? ಮಾತಾಗಿತ್ತಲ್ಲ?”

“ಆಗಿತ್ತು ಕಾಕಾ. ನಾ ನಿಂದ್ರಿಸಿದೆ. ಮಳಿ ಬಂತೇನು? ನನ್ನ ಬೆರಳು ಹೋತು.”

ಯಾರೋ ಕೆಮ್ಮಿದರು. ಬಸ್ಸಮ್ಮ ನೆಲ ನೋಡಿದಳು. ಆಗ ಜನರ ನಡುವಿನಿಂದ ಲಾಡ್ಲೇಸಾಬ ಮುಂದೆ ಬಂದ. ಅವಳ ಸೈಕಲ್ಲಿಗೆ ಗಾಳಿ ತುಂಬಿಕೊಡಲು ಅವತ್ತು ಪಂಪು ಹಿಡಿದು ಜೊತೆಗೇ ಬಂದಿದ್ದ. ಜಗಳ ಬೇಡವೆಂಬ ಒಳ್ಳೆಯ ಮನಸ್ಸಿನಿಂದಲೇ ಹೇಳಿದ, “ಒಂದು ಕೆಲಸ ಮಾಡೂಣು. ಹಿಂದಿನ ಗಾಲಿಗೆ ನಾ ಒಂದು ಸಾಣಿಕಲ್ಲು ಕೂಡಿಸ್ತೀನಿ. ಚಾಕು ಮಸಿಯಾವ್ರು ಇಟ್ಕೊಂಡು ತಿರಗತಾರಲ್ಲ, ಹಂಗ. ಆಕಿ ತುಳೀಲಿ, ನಿಮ್ಮ ಇಳಗಿ ಕುಡಗೋಲು ಮಸೀಲಿ. ಗಾಲಿ ಖಾಲಿ ಆಗಂಗಿಲ್ಲ, ಮಾಮ್ಲಾ ಖತಂ.”

ದ್ಯಾವಪ್ಪನ ಮುಖ ಅರಳಿತು. “ಹಾಂ, ಇದು ಮಾತು! ಕೆಲಸ ಆಯ್ತಂದ್ರ ದೋಷ ಇಲ್ಲ. ಹಂಗ ಮಾಡವ್ವ, ಯಾರದೂ ತಕರಾರಿಲ್ಲ.” ಸುತ್ತಲಿನವರು ತಲೆಯಾಡಿಸಿದರು. ಇನ್ನೇನು ಮನೆಗೆ ಓಡಿಹೋಗಿ ಮೊಂಡ ಕುಡಗೋಲು ತಂದುಬಿಡುವ ಹಾಗೆ ಇದ್ದರು. ಅಷ್ಟರಲ್ಲಿ ತಿರುವಿನಲ್ಲಿ ಟ್ಯಾಂಕರಿನ ಹಾರ್ನ್ ಕೇಳಿಸಿತು.

ಬಾಲಮ್ಮ ತುಳಿಯುವುದನ್ನು ನಿಲ್ಲಿಸಲಿಲ್ಲ. ಹಣೆಯ ಬೆವರು ಕಣ್ಣಿಗಿಳಿಯುತ್ತಿತ್ತು.

“ಸಾಬಣ್ಣಾ, ನಿನ್ನ ಸಾಣಿಕಲ್ಲು ನನಗ ಬ್ಯಾಡ. ಸಾಲ್ಯಾಗ ಕೆಲಸ ಮಾಡ್ತೀನಿ, ಮನ್ಯಾಗ ಕೆಲಸ ಮಾಡ್ತೀನಿ, ಕಟಗಿ ತರ್ತೀನಿ, ನೀರು ತರ್ತೀನಿ. ಇದು ಕೆಲಸಲ್ಲ. ಇದು ನಂದು. ನಮ್ಮವ್ವಂದು ಒಂದು ಚಪ್ಪಲ್ ಹೊಸದ ಉಳೀತು. ನನ್ನವು ಎರಡೂ ಸವೀಬೇಕು.”

“ಹಂಗಾದ್ರ ನಿನ್ನ ಕೊಡ ತೆಗೀಬೇಕಾಗ್ತದ ನೋಡು” ಎಂದ ದ್ಯಾವಪ್ಪ. ಟ್ಯಾಂಕರ್ ಬಂದು ನಿಂತಿತ್ತು. ಅವನು ಬಗ್ಗಿ ಅವಳ ಕೊಡದ ಕಂಠಕ್ಕೆ ಕೈ ಹಾಕಿದ. “ಖಾಲಿ ಗಾಲಿ ತಿರುವಾಕ ಓಣಿ ಒಪ್ಪಂಗಿಲ್ಲ.”

“ಖಾಲಿ ಎಲ್ಲದ ಕಾಕಾ?” ಎಂದಳು ಬಾಲಮ್ಮ. ದನಿ ಏರಿಸಲಿಲ್ಲ, ಆದರೆ ಕಟ್ಟೆಯ ಆಚೆಯ ತನಕ ಕೇಳಿಸಿತು. “ಖಾಲಿ ತೊಟ್ಟಲಂದ್ರ ಕೂಸು ಇಲ್ಲದ್ದು. ಖಾಲಿ ಬೀಸಕಲ್ಲಂದ್ರ ಕಾಳು ಇಲ್ಲದ್ದು. ಇದರ ಮ್ಯಾಲ ನಾ ಕುಂತೀನಿ. ನಾ ಕುಂತಿದ್ದು ಯಾರಿಗೂ ಕಾಣವಲ್ದೇನು?”

ಎಲ್ಲದಕ್ಕೂ ಜವಾಬು ಇದ್ದ ದ್ಯಾವಪ್ಪನ ಕೈ ಕೊಡದ ಕಂಠದ ಮೇಲೇ ಇತ್ತು. ನಾನು ಹೋಗಿ ಅವನ ಬೆರಳು ಬಿಡಿಸಿ, ಆ ಕೊಡವನ್ನು ಎತ್ತಿಕೊಂಡು, ಎಲ್ಲರಿಗಿಂತ ಮೊದಲು ಟ್ಯಾಂಕರಿನ ಪೈಪಿನ ಕೆಳಗೆ ಹಿಡಿದೆ.